ಬ್ರೇಕ್ ಒತ್ತಿದರೆ ಎಮ್ಮೆ ಒದರಿದ ಹಾಗೆ: ಒಂದು ಹಿಂದಿನ ಆಕ್ಸಲ್‌ನ ಪ್ರಕರಣ

"ಸರ, ಬ್ರೇಕ್ ಒತ್ತಿದ್ರ ಹಿಂದಿಂದ ಎಮ್ಮಿ ಒದರಿದಂಗ ಒದರತೈತ್ರಿ." ಫೋನಿನಲ್ಲಿ ಆಪರೇಟರ್ ಹೇಳಿದ್ದು ಇಷ್ಟೇ. ನನಗೆ ಅಷ್ಟು ಸಾಕಿತ್ತು. ಕೆಲವು ಶಬ್ದಗಳನ್ನು ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗುವುದಿಲ್ಲ.

ಏಪ್ರಿಲ್ ಕೊನೆಯ ವಾರ. ಗದಗ ಜಿಲ್ಲೆಯ ಒಂದು ಊರಿನ ಕೆರೆಯಲ್ಲಿ ಹೂಳು ತೆಗೆಯುವ ಕೆಲಸ ನಡೆದಿತ್ತು. ಯಂತ್ರ ಒಂದು ಬ್ಯಾಕ್‌ಹೋ ಲೋಡರ್. ನಮ್ಮ ಕಡೆ ಯಾವ ಕಂಪನಿಯದಾದರೂ ಜನ ಅದನ್ನು ಜೆಸಿಬಿ ಎಂದೇ ಕರೆಯುತ್ತಾರೆ. ಇದು ಯಾವ ಕಂಪನಿಯದು ಎನ್ನುವುದು ಈ ಪ್ರಕರಣಕ್ಕೆ ಬೇಕಿಲ್ಲ, ತಪ್ಪು ಯಂತ್ರದ್ದಾಗಿರಲಿಲ್ಲ. ಮಾಲೀಕರು ಮೊದಲೇ ಒಂದು ಗ್ಯಾರೇಜಿನವರನ್ನು ಕರೆಸಿ ತೋರಿಸಿದ್ದರು. ಅವರು ಶಬ್ದ ಕೇಳಿ, "ಬ್ರೇಕ್ ಪ್ಲೇಟ್ ಹೋಗಿವೆ, ಆಕ್ಸಲ್ ಬಿಚ್ಚಬೇಕು, ಐದು ದಿನ ಬೇಕು" ಎಂದು ಒಂದೂಕಾಲು ಲಕ್ಷದ ಲೆಕ್ಕ ಕೊಟ್ಟಿದ್ದರು. ಮಳೆ ಬರುವುದರೊಳಗೆ ಕೆರೆ ಮುಗಿಸಬೇಕು. ಗಾಡಿ ನಿಂತರೆ ಟಿಪ್ಪರ್‌ಗಳೂ ನಿಲ್ಲುತ್ತವೆ. ಹಾಗಾಗಿ ಇನ್ನೊಬ್ಬರ ಮಾತು ಕೇಳೋಣ ಎಂದು ನನಗೆ ಹೇಳಿದ್ದರು.

ಬೆಳಿಗ್ಗೆ ಆರಕ್ಕೇ ಹೋದೆ. ಬೇಗ ಹೋದದ್ದಕ್ಕೆ ಕಾರಣ ಇತ್ತು. ರಾತ್ರಿಯಿಡೀ ನಿಂತ ಗಾಡಿಯನ್ನು ಯಾರೂ ಸ್ಟಾರ್ಟ್ ಮಾಡುವ ಮೊದಲು ನೋಡಬೇಕಿತ್ತು. ಎಣ್ಣೆಯೊಳಗೆ ಏನಾದರೂ ಸೇರಿದ್ದರೆ ಅಷ್ಟು ಹೊತ್ತಿನಲ್ಲಿ ತಳಕ್ಕೆ ಇಳಿದಿರುತ್ತದೆ.

ಮೊದಲು ಮೂರು ಪ್ರಶ್ನೆ ಕೇಳಿದೆ. ಶಬ್ದ ಯಾವಾಗ ಶುರುವಾಯಿತು? ಅದಕ್ಕೆ ಸ್ವಲ್ಪ ಮೊದಲು ಗಾಡಿಗೆ ಏನು ಮಾಡಿಸಿದಿರಿ? ಗಾಡಿ ಎಲ್ಲಿ ಕೆಲಸ ಮಾಡುತ್ತಿತ್ತು? ಮೂರನೆಯದಕ್ಕೆ ಉತ್ತರ ಕಣ್ಣೆದುರೇ ಇತ್ತು, ಹಿಂದಿನ ಚಕ್ರದ ಅರ್ಧದವರೆಗೆ ಎರೆಮಣ್ಣಿನ ಕೆಸರು ಮೆತ್ತಿತ್ತು. ಉಳಿದ ಎರಡಕ್ಕೆ ಉತ್ತರ ಒಂದೇ ಉಸಿರಿನಲ್ಲಿ ಬಂತು. ಒಂಬತ್ತು ದಿನದ ಹಿಂದೆ ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್‌ನ ಕವಚದೊಳಗಿನ ಆಯಿಲ್ ಬದಲಿಸಿದ್ದರು. ಎರಡು ದಿನ ಬಿಟ್ಟು ಶಬ್ದ ಶುರು. ಆಯಿಲ್ ಬದಲಿಸುವಾಗ ಅವರ್ ಮೀಟರ್ 4,812 ಇತ್ತಂತೆ, ಆಪರೇಟರ್ ಕ್ಯಾಬಿನ್ನಿನ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದ. ಈಗ 4,872. ಅಂದರೆ 60 ಗಂಟೆ. ಇಂಥ ಆಪರೇಟರ್ ಸಿಕ್ಕರೆ ಅರ್ಧ ಕೆಲಸ ಆದಂತೆಯೇ.

"ಯಾವ ಆಯಿಲ್ ಹಾಕಿದ್ರಿ?"

"90 ನಂಬರ್ ಸರ. ಚಲೋದ ಹಾಕೇವಿ. ಜಿಎಲ್-5."

ಬಕೆಟ್ ಇನ್ನೂ ಶೆಡ್ಡಿನಲ್ಲೇ ಇತ್ತು. 20 ಲೀಟರ್‌ನದು, 80ಡಬ್ಲ್ಯೂ-90 (ಇದು ಎಣ್ಣೆ ಎಷ್ಟು ದಪ್ಪ ಎಂದು ಹೇಳುವ ನಂಬರ್), ಒಳ್ಳೆಯ ಹೆಸರಿನದೇ. ಮುಚ್ಚಳ ತೆಗೆದರೆ ಮೂಗಿಗೆ ಗಂಧಕದ ವಾಸನೆ ಬಡಿಯಿತು. ಒಳಗೆ ಸುಮಾರು 6 ಲೀಟರ್ ಉಳಿದಿತ್ತು. ಈ 6 ಲೀಟರ್ ನೋಡಿ ನನಗೆ ಶಬ್ದಕ್ಕಿಂತ ಜಾಸ್ತಿ ಚಿಂತೆಯಾಯಿತು.

ಯಾಕೆ ಅಂದರೆ ಈ ಗಾಡಿಯ ಹಿಂದಿನ ಆಕ್ಸಲ್‌ಗೆ ನಡುಭಾಗ ಮತ್ತು ಎರಡು ಹಬ್ (ಚಕ್ರದ ನಡುವೆ ಇರುವ ಗೇರಿನ ಡಬ್ಬಿ) ಸೇರಿ 20 ಲೀಟರ್ ಆಸುಪಾಸು ಬೇಕು. ಅವರು ಹಾಕಿದ್ದು 14. ಹಾಗಾದರೆ ಹಬ್‌ಗಳ ಹಳೇ ಎಣ್ಣೆ ತೆಗೆದೇ ಇಲ್ಲ. ಕೇಳಿದೆ. ಹೆಲ್ಪರ್ ಹುಡುಗ ನನ್ನ ಮುಖ ನೋಡಿದ. "ಹಬ್‌ಗೂ ಬ್ಯಾರೆ ಇರತೈತೇನ್ರಿ?"

ಅವನ ತಪ್ಪಲ್ಲ. ಅವನು ಕಲಿತಿದ್ದು ಟಿಪ್ಪರ್ ಮೇಲೆ. ಅಲ್ಲಿ ಹಿಂದಿನ ಹೌಸಿಂಗ್‌ಗೆ ಕೆಳಗೊಂದು ಪ್ಲಗ್, ಪಕ್ಕದಲ್ಲೊಂದು ಪ್ಲಗ್, ಮುಗೀತು.

ಅದೃಷ್ಟಕ್ಕೆ ಬಲಗಡೆ ಹಬ್‌ನ ಪ್ಲಗ್ ತೀರಾ ಕೆಳಗೆ ಬಂದು ನಿಂತಿತ್ತು. ಅದರ ಕುಳಿಯಲ್ಲಿ ಎರೆಮಣ್ಣು ಒಣಗಿ ಸಿಮೆಂಟಿನಂತಾಗಿತ್ತು. ಸ್ಕ್ರೂಡ್ರೈವರ್‌ನಿಂದ ಕೆದಕಿ, ಡೀಸೆಲ್ ಬಿಟ್ಟು ತೊಳೆದು, ಅಲೆನ್ ಕೀ ಕೂರಿಸಿ, ಪ್ಲಗ್ಗನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಸಡಿಲಿಸಿದೆ. ಕೆಳಗೆ ಸ್ಟೀಲ್ ಲೋಟ ಹಿಡಿದಿದ್ದೆ. ಮೊದಲು ಬಂದದ್ದು ನೀರು. ಅರ್ಧ ಲೋಟ, ಬರೀ ನೀರು. ಅದರ ಹಿಂದೆಯೇ ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣದ ಎಣ್ಣೆ. ಪ್ಲಗ್ ಮತ್ತೆ ಬಿಗಿ ಮಾಡಿದೆ. ಲೋಟ ನೋಡಿ ಮಾಲೀಕರು ಏನೂ ಮಾತಾಡಲಿಲ್ಲ.

ಆ ಎಣ್ಣೆಯಲ್ಲಿ ನೀರಿದೆ ಎನ್ನುವುದಕ್ಕೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಆದರೆ ನಡುಭಾಗದ ಎಣ್ಣೆ ಮಬ್ಬಾಗಿದ್ದು ನೀರಿನಿಂದಲೋ, ಸುಟ್ಟಿದ್ದರಿಂದಲೋ ಎನ್ನುವ ಅನುಮಾನ ಬಂದಾಗ ಒಂದು ಹಳೇ ಉಪಾಯವಿದೆ. ಲೆವೆಲ್ ಪ್ಲಗ್‌ನಿಂದ ಒಂದು ಹನಿ ತೆಗೆದು ಕಾದ ತಗಡಿನ ಮೇಲೆ ಬಿಡಬೇಕು. ನೀರಿದ್ದರೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಎನ್ನುತ್ತದೆ. ಹಬ್‌ನ ಎಣ್ಣೆ ಸಿಡಿದು ಕೈಗೇ ಹಾರಿತು. ನಡುಭಾಗದ ಎಣ್ಣೆ ಸ್ವಲ್ಪ ಚುರುಗುಟ್ಟಿ ಸುಮ್ಮನಾಯಿತು. ಅಂದರೆ ನೀರು ಆ ಕಡೆಗೂ ಒಂಚೂರು ದಾಟಿತ್ತು, ಆದರೆ ಮುಖ್ಯ ಮನೆ ಬಲಗಡೆ ಹಬ್.

ಈಗ ಶಬ್ದದ ವಿಚಾರ.

ಬ್ಯಾಕ್‌ಹೋ ಲೋಡರ್‌ನಲ್ಲಿ ಮೆಕ್ಯಾನಿಕ್‌ಗೆ ಒಂದು ಅನುಕೂಲ ಇದೆ. ಎರಡು ಬ್ರೇಕ್ ಪೆಡಲ್ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ರಸ್ತೆಗೆ ಬಂದಾಗ ಎರಡನ್ನೂ ಚಿಲಕ ಹಾಕಿ ಜೋಡಿಸಿಕೊಳ್ಳಲೇಬೇಕು. ಆದರೆ ಪರೀಕ್ಷೆ ಮಾಡುವಾಗ ಒಂದೊಂದನ್ನೇ ಒತ್ತಿ ನೋಡಬಹುದು. ಗಾಡಿಯನ್ನು ಏರಿಯ ಮೇಲಿನ ಗಟ್ಟಿ ದಾರಿಗೆ ತರಿಸಿದೆ. ಗಾಡಿಯ ಮುಂದಿನ ಮಣ್ಣೆತ್ತುವ ಬಕೆಟ್ ನೆಲದಿಂದ ಒಂದಡಿ ಎತ್ತಿ, ನಿಧಾನದ ಗೇರಿನಲ್ಲಿ ಓಡಿಸಲು ಹೇಳಿದೆ. ಬ್ರೇಕ್ ಇಲ್ಲದೆ ನೇರ ಹೋದರೆ ಶಬ್ದವಿಲ್ಲ. ಬ್ರೇಕ್ ಇಲ್ಲದೆ ಪೂರ್ತಿ ತಿರುಗಿಸಿದರೂ ಇಲ್ಲ. ಎಡ ಪೆಡಲ್ ಒತ್ತಿದರೆ ಗುರ್ರ್ ಎಂದು ಒದರುತ್ತದೆ. ಬಲ ಪೆಡಲ್ ಒತ್ತಿದರೂ ಅದೇ, ಸ್ವಲ್ಪ ಜೋರು. ತಣ್ಣಗಿದ್ದಾಗ ಕಡಿಮೆ, ಹತ್ತು ಹದಿನೈದು ಸಲ ಒತ್ತಿ ಬಿಸಿಯಾದ ಮೇಲೆ ಜಾಸ್ತಿ.

ಇಷ್ಟರಿಂದಲೇ ಸಾಕಷ್ಟು ಗೊತ್ತಾಗುತ್ತದೆ. ಬೇರಿಂಗ್ ಅಥವಾ ಹಲ್ಲು ಹೋಗಿದ್ದರೆ ಬ್ರೇಕ್ ಒತ್ತದಿದ್ದರೂ ವೇಗದ ಜೊತೆ ಶಬ್ದ ಏರಬೇಕಿತ್ತು. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಕತೆಯಾಗಿದ್ದರೆ ತಿರುಗುವಾಗ ಕಟಕಟ ಎನ್ನಬೇಕಿತ್ತು. ಒಂದು ಕಡೆಯ ಪ್ಲೇಟ್ ಹೋಗಿದ್ದರೆ ಒಂದೇ ಪೆಡಲ್‌ಗೆ ಒದರಬೇಕಿತ್ತು. ಎರಡೂ ಕಡೆ, ಒಂದೇ ದಿನ, ಒಂದೇ ಥರ ಒದರುತ್ತಿದೆ ಅಂದರೆ ಎರಡಕ್ಕೂ ಹಂಚಿಕೆಯಾದ ವಸ್ತು ಯಾವುದು? ಎಣ್ಣೆ.

ಇನ್ನೂ ಒಂದು ನೋಡಿದೆ. ಪ್ಲೇಟ್ ಸವೆದರೆ ಅವನ್ನು ಒತ್ತುವ ಪಿಸ್ಟನ್ ಜಾಸ್ತಿ ಹೊರಗೆ ಬರಬೇಕು. ಆ ಜಾಗ ತುಂಬಲು ಬ್ರೇಕ್ ಡಬ್ಬಿಯ ಎಣ್ಣೆ ಇಳಿಯಬೇಕು. ಡಬ್ಬಿಯಲ್ಲಿ ಮಟ್ಟ ಗೆರೆಯ ಮೇಲೇ ಇತ್ತು, ತಿಂಗಳಿಂದ ತುಂಬಿಲ್ಲ ಎಂದ ಆಪರೇಟರ್. ಪೆಡಲ್ ಕೂಡ ಗಟ್ಟಿ. ಇದರಿಂದ ಇನ್ನೊಂದು ಅನುಮಾನವೂ ಹೋಯಿತು. ಪಿಸ್ಟನ್ ಸೀಲ್ ಸೋರಿದರೆ ಬ್ರೇಕ್ ಎಣ್ಣೆ ಆಕ್ಸಲ್ ಒಳಗೆ ಹೋಗುತ್ತದೆ, ಡಬ್ಬಿ ಖಾಲಿಯಾಗುತ್ತದೆ, ಆಕ್ಸಲ್ ಮಟ್ಟ ಏರುತ್ತದೆ. ಇಲ್ಲಿ ಎರಡೂ ಆಗಿರಲಿಲ್ಲ.

ಆಕ್ಸಲ್ ಒಳಗೆ ಏನಿದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪ್ರಕರಣದ ಗಂಟು ಇರುವುದೇ ಇಲ್ಲಿ.

ಟಿಪ್ಪರ್‌ನ ಹಿಂದಿನ ಆಕ್ಸಲ್‌ನಲ್ಲಿ ಬ್ರೇಕ್ ಹೊರಗೆ, ಡ್ರಮ್ಮಿನಲ್ಲಿರುತ್ತದೆ. ಅದು ಒಣಗಿರಬೇಕು. ಅಲ್ಲಿಗೆ ಎಣ್ಣೆ ಹೋದರೆ ಅಪಾಯ. ಹೌಸಿಂಗ್ ಒಳಗಿನ ಎಣ್ಣೆಗೆ ಕ್ರೌನ್ (ದೊಡ್ಡ ಗೇರು) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರು) ಕಾಯುವುದೊಂದೇ ಕೆಲಸ.

ಬ್ಯಾಕ್‌ಹೋ ಲೋಡರ್‌ನ ಆಕ್ಸಲ್ ಹಾಗಲ್ಲ. ನಡುವೆ ಕ್ರೌನ್-ಪಿನಿಯನ್, ಡಿಫರೆನ್ಷಿಯಲ್. ಅದರ ಎರಡೂ ಪಕ್ಕ, ಹೌಸಿಂಗ್ ಒಳಗೇ, ಬ್ರೇಕ್ ಪ್ಲೇಟುಗಳ ಸಾಲು. ಒಂದು ಉಕ್ಕಿನ ಪ್ಲೇಟ್, ಒಂದು ಘರ್ಷಣೆಯ ಪ್ಲೇಟ್, ಹೀಗೆ ಒಂದರ ಪಕ್ಕ ಒಂದು. ಇವು ಎಣ್ಣೆಯಲ್ಲೇ ಮುಳುಗಿರುತ್ತವೆ. ಅಲ್ಲಿಂದ ಶಾಫ್ಟ್ ಹೊರಟು ಚಕ್ರದ ಹಬ್‌ಗೆ ಹೋಗುತ್ತದೆ. ಹಬ್‌ನಲ್ಲಿ ಪ್ಲಾನೆಟರಿ ಗೇರುಗಳು. ಕೊನೆಯ ಹಂತದಲ್ಲಿ ವೇಗ ಇಳಿಸಿ ಬಲ ಹೆಚ್ಚಿಸುವುದು ಇವುಗಳ ಕೆಲಸ. ಇದರಲ್ಲಿ ಒಂದು ಜಾಣತನ ಇದೆ. ಬ್ರೇಕ್ ಒಳಗಡೆ ಇರುವುದರಿಂದ ಬ್ರೇಕಿನ ಹಿಡಿತವೂ ಹಬ್‌ನಲ್ಲಿ ಹಿಗ್ಗಿಕೊಂಡೇ ಚಕ್ರಕ್ಕೆ ಹೋಗುತ್ತದೆ. ಚಿಕ್ಕ ಬ್ರೇಕ್ ಸಾಕು. ಕೆಸರಿನಲ್ಲಿ ಮುಳುಗಿದರೂ ಬ್ರೇಕಿಗೆ ಮಣ್ಣು ತಾಗುವುದಿಲ್ಲ. ಕೆರೆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ?

ಆದರೆ ಬೆಲೆ ಒಂದಿದೆ. ಒಂದೇ ಎಣ್ಣೆ ಎರಡು ವಿರುದ್ಧ ಕೆಲಸ ಮಾಡಬೇಕು. ಹಲ್ಲುಗಳು ಜಾರಬೇಕು, ಪ್ಲೇಟುಗಳು ಹಿಡಿಯಬೇಕು. ಹಿಡಿಯುವಾಗಲೂ ನಯವಾಗಿ ಹಿಡಿಯಬೇಕು. ಎಣ್ಣೆ ಸರಿಯಿಲ್ಲದಿದ್ದರೆ ಪ್ಲೇಟುಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತವೆ, ಸೆಕೆಂಡಿಗೆ ಎಷ್ಟೋ ಸಲ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರ್ರ್ ಎನ್ನುತ್ತದಲ್ಲ, ಅದೇ ಕತೆ. ಹೌಸಿಂಗ್ ದೊಡ್ಡ ಕಬ್ಬಿಣದ ಡೋಲು. ಒಳಗೆ ಕಿರ್ರ್ ಎಂದದ್ದು ಹೊರಗೆ ಎಮ್ಮೆಯಾಗುತ್ತದೆ. ಇದನ್ನು ತಡೆಯಲು ವೆಟ್ ಬ್ರೇಕ್, ಅಂದರೆ ಹೀಗೆ ಎಣ್ಣೆಯಲ್ಲಿ ಮುಳುಗಿದ ಬ್ರೇಕಿನ ಎಣ್ಣೆಗೆ ಘರ್ಷಣೆಯನ್ನು ಹದ ಮಾಡುವ ಬೇರೆ ರಸಾಯನಗಳನ್ನು ಬೆರೆಸಿರುತ್ತಾರೆ.

ಜಿಎಲ್-5 ಎನ್ನುವುದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಒಂದು ವರ್ಗ. ಹೈಪಾಯಿಡ್ ಗೇರುಗಳಿಗೆ, ಅಂದರೆ ಪಿನಿಯನ್ ಕ್ರೌನಿನ ನಡುವಿಗಿಂತ ಕೆಳಗೆ ಕೂತು ಹಲ್ಲಿಗೆ ಹಲ್ಲು ಉಜ್ಜಿಕೊಂಡು ತಿರುಗುವ ಗೇರುಗಳಿಗೆ ಮಾಡಿದ್ದು. ಅದರಲ್ಲಿ ಗಂಧಕ ಮತ್ತು ರಂಜಕದ ರಸಾಯನಗಳು ಜಾಸ್ತಿ. ಭಾರ ಬಿದ್ದಾಗ ಅವು ಹಲ್ಲಿನ ಮೇಲೆ ತೆಳುವಾದ ಪದರ ಕಟ್ಟಿ ಕಾಪಾಡುತ್ತವೆ. ಜಿಎಲ್-4ರಲ್ಲಿ ಇವು ಹೆಚ್ಚುಕಡಿಮೆ ಅರ್ಧ. ಅದೇ ಗಟ್ಟಿ ರಸಾಯನ ಬ್ರೇಕ್ ಪ್ಲೇಟಿನ ಮೇಲೂ ಪದರ ಕಟ್ಟಿದರೆ? ಪ್ಲೇಟ್ ಗಾಜಿನಂತೆ ಹೊಳಪಾಗುತ್ತದೆ, ಹಿಡಿತ ಏರುಪೇರಾಗುತ್ತದೆ. ಬಹಳ ಬಿಸಿಯಾದರೆ ಕಂಚು, ಹಿತ್ತಾಳೆಯ ಭಾಗಗಳನ್ನೂ ತಿನ್ನುತ್ತದೆ.

"ಐದು ಅಂದ್ರ ನಾಕಕ್ಕಿಂತ ಚಲೋ ಅಲ್ರೀ?" ಎಂದು ಮಾಲೀಕರು ಕೇಳಿದರು. ಅಂಗಡಿಯವರು ಹೇಳಿದ್ದೂ ಅದನ್ನೇ. ಈ ತಪ್ಪನ್ನು ನಾನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ. ಮೊಬೈಲಿನ ಹಾಗೆ ನಂಬರ್ ಏರಿದರೆ ಹೊಸದು, ಒಳ್ಳೆಯದು ಎಂದುಕೊಳ್ಳುತ್ತಾರೆ. ಜಿಎಲ್ ಮುಂದಿನ ನಂಬರ್ ಕೆಲಸದ ಹೆಸರು, ದರ್ಜೆ ಅಲ್ಲ. ಹಾಗಂತ ಬರೀ ಜಿಎಲ್-4 ಎಂದು ಬರೆದಿದ್ದರೂ ಸಾಲದು. ವೆಟ್ ಬ್ರೇಕಿಗೆ ಆಗುತ್ತದೆ ಎಂದು ಬಕೆಟ್ಟೇ ಹೇಳಬೇಕು. ಕೆಲವು ಯಂತ್ರಗಳಿಗೆ ಯುಟಿಟಿಓ ಎಣ್ಣೆ (ಟ್ರ್ಯಾಕ್ಟರ್‌ನ ಗೇರು, ಹೈಡ್ರಾಲಿಕ್, ವೆಟ್ ಬ್ರೇಕ್ ಎಲ್ಲಕ್ಕೂ ಆಗುವ ಒಂದೇ ಎಣ್ಣೆ), ಅದರ ಮೇಲೆ ಸಾಮಾನ್ಯವಾಗಿ ಜೆ20ಸಿ ಎಂಬ ಜಾನ್ ಡೀರ್ ಗುರುತಿರುತ್ತದೆ. ಝಡ್‌ಎಫ್ ಕಂಪನಿಯ ಆಕ್ಸಲ್‌ಗಳಿಗೆ ಟಿಇ-ಎಂಎಲ್ 05 ಎಂಬ ಅವರ ಎಣ್ಣೆಗಳ ಪಟ್ಟಿ ನೋಡಬೇಕು. ವೋಲ್ವೋ ಲೋಡರ್‌ಗಳಿಗೆ ಅವರದೇ ವೆಟ್ ಬ್ರೇಕ್ ಎಣ್ಣೆ, ಕೊಮಾಟ್ಸು ಲೋಡರ್‌ಗಳಿಗೆ ಎಎಕ್ಸ್‌ಓ80 ಎಂಬ ಅವರ ಆಕ್ಸಲ್ ಎಣ್ಣೆ. ಒಂದು ಗಾಡಿಯದು ಇನ್ನೊಂದಕ್ಕೆ ಆಗುತ್ತದೆ ಎಂದು ಊಹಿಸಬಾರದು.

ಈ ಗಾಡಿಯ ಪುಸ್ತಕ ಸೀಟಿನ ಹಿಂದೆ, ಪ್ಲಾಸ್ಟಿಕ್ ಕವರಿನಲ್ಲಿ, ಕೊಂಡ ದಿನ ಇದ್ದ ಹಾಗೇ ಇತ್ತು. ಕವರ್ ಹರಿದಿದ್ದು ನಾನು. ಹಿಂದಿನ ಆಕ್ಸಲ್ ಪುಟದಲ್ಲಿ ದಪ್ಪ ಅಕ್ಷರದಲ್ಲೇ ಇತ್ತು: ಎಣ್ಣೆಯಲ್ಲಿ ಮುಳುಗಿದ ಬ್ರೇಕ್, ಅದಕ್ಕೆ ತಕ್ಕ ಎಣ್ಣೆಯನ್ನೇ ಹಾಕಿ, 1,000 ಗಂಟೆಗೊಮ್ಮೆ ಬದಲಿಸಿ, ಹಬ್‌ಗಳನ್ನು ಮರೆಯಬೇಡಿ.

ನೀರು ಹೇಗೆ ಹೋಯಿತು

ಹೌಸಿಂಗಿನ ತಲೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಒಂದು ಬ್ರೀದರ್, ಅಂದರೆ ಗಾಳಿಯಾಡುವ ಕಿಂಡಿ ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಇಲ್ಲಿಯೂ ಕಾಣಲಿಲ್ಲ, ಎರೆಮಣ್ಣಿನ ಕೆಳಗೆ ಹುಡುಕಬೇಕಾಯಿತು. ತೆಗೆದು ಬಾಯಿಂದ ಊದಿದೆ. ಒಂಚೂರೂ ಗಾಳಿ ಹೋಗಲಿಲ್ಲ.

ಆಕ್ಸಲ್ ಕೆಲಸ ಮಾಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಬಂದಾಗಿದ್ದರೆ ಅದು ಸೀಲನ್ನು ಹೊರಗೆ ನೂಕುತ್ತದೆ, ಎಣ್ಣೆ ಸೋರುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದರ ಉಲ್ಟಾ. ಬಿಸಿಯಾದ ಆಕ್ಸಲ್ ಸೀದಾ ಕೆರೆಯ ನೀರಿಗೆ ಇಳಿದರೆ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತದೆ. ಆಗ ಆಕ್ಸಲ್ ಉಸಿರು ಎಳೆಯುತ್ತದೆ. ಮೂಗು ಕಟ್ಟಿದೆ, ಬಾಯಿಂದ ಎಳೆಯಬೇಕು. ಆ ಬಾಯಿ ಹಬ್‌ನ ಸೀಲ್, ಅದರ ಮುಂದಿರುವುದು ನೀರು. ಮಧ್ಯಾಹ್ನದ ಬಿಸಿಲಲ್ಲಿ ಎರಡು ತಾಸು ಓಡಿದ ಗಾಡಿಯನ್ನು ಆಪರೇಟರ್ ದಿನಾ ನೀರಿರುವ ಕಡೆಯ ಗುಂಡಿಗೆ ಇಳಿಸುತ್ತಿದ್ದ. ಕೆಸರು ತೊಳೆದು ಹೋಗಲಿ ಅಂತ. ಪಾಪ, ಅವನು ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದ.

ಎಡಗಡೆ ಹಬ್‌ನಲ್ಲಿ ನೀರಿರಲಿಲ್ಲ. ಬಲಗಡೆ ಮಾತ್ರ ಯಾಕೆ ಎನ್ನುವುದು ಆವತ್ತು ನನಗೆ ಹೊಳೆಯಲಿಲ್ಲ.

ಬಸಿದದ್ದು, ತುಂಬಿದ್ದು

ಮಾಲೀಕರಿಗೆ ಮೊದಲೇ ಹೇಳಿದೆ. ಎಣ್ಣೆ ಬದಲಿಸಿದರೆ ಶಬ್ದ ಹೋಗಬಹುದು, ಹೋಗದೆಯೂ ಇರಬಹುದು. 60 ಗಂಟೆಯಲ್ಲಿ ಪ್ಲೇಟ್ ಎಷ್ಟು ಹೊಳಪಾಗಿದೆ ಎನ್ನುವುದರ ಮೇಲೆ ನಿಂತಿದೆ. ಹೋಗದಿದ್ದರೆ ಆ ಗ್ಯಾರೇಜಿನವರ ದಾರಿಯೇ ಗತಿ. ಅವರನ್ನು ನಾನು ಮೋಸಗಾರರು ಎನ್ನುವುದಿಲ್ಲ. ಶಬ್ದ ಕೇಳಿದ್ದಾರೆ, ಬಕೆಟ್ ನೋಡಿಲ್ಲ, ಅಷ್ಟೇ.

ಕೆಲಸವನ್ನು ಕೆರೆಯ ಒಳಗೆ ಮಾಡಲಿಲ್ಲ. ಎರಡು ಕಾರಣ. ಚಕ್ರ ತಿರುಗಿಸಬೇಕಾದರೆ ಗಾಡಿಯ ಹಿಂದಿನ ಹೈಡ್ರಾಲಿಕ್ ಕಾಲುಗಳನ್ನು ಊರಿ ಗಾಡಿ ಎತ್ತಬೇಕು, ಹಸಿ ಎರೆಮಣ್ಣಿನಲ್ಲಿ ಆ ಕಾಲುಗಳು ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯುತ್ತವೆ. ಮತ್ತೆ, ಚೆಲ್ಲಿದ ಎಣ್ಣೆ ಮಳೆಗಾಲದಲ್ಲಿ ಊರಿನವರು ದನಕ್ಕೆ ಕುಡಿಸುವ ನೀರಿಗೆ ಸೇರುತ್ತದೆ. ಏರಿಯ ಮೇಲೆ ಸಮತಟ್ಟಾದ ಗರಸಿನ ಜಾಗ ನೋಡಿ ನಿಲ್ಲಿಸಿದೆವು. ಮುಂದಿನ ಚಕ್ರಕ್ಕೆ ಕಲ್ಲು, ಎತ್ತಿದ ಮೇಲೆ ಆಕ್ಸಲ್ ಕೆಳಗೆ ಮರದ ದಿಮ್ಮಿ. ಹೈಡ್ರಾಲಿಕ್ ಹಿಡಿದಿದೆ ಎಂದು ನಂಬಿ ಗಾಡಿಯ ಕೆಳಗೆ ತಲೆ ಹಾಕುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಹೋಸ್ ಒಡೆದರೆ ಮುಗಿಯಿತು.

ಎಣ್ಣೆ ಬಿಸಿಯಾಗಲೆಂದು ಗಾಡಿಯನ್ನು ಅರ್ಧ ತಾಸು ಓಡಿಸಿದೆವು. ಆಮೇಲೆ ಮೊದಲು ತೆಗೆದದ್ದು ಮೇಲಿನ ತುಂಬುವ ಪ್ಲಗ್‌ಗಳನ್ನು, ಮೂರನ್ನೂ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಬಸಿದ ಮೇಲೆ ಮೇಲಿನದು ಬರಲೇ ಇಲ್ಲ ಅಂದರೆ ಗಾಡಿ ಅಲ್ಲೇ ಕೂತುಕೊಳ್ಳುತ್ತದೆ. ಇಲ್ಲಿ ಎಡ ಹಬ್‌ನದು ನಿಜವಾಗಿಯೂ ಹಿಡಿದುಕೊಂಡಿತ್ತು. ಸುತ್ತಿಗೆಯಿಂದ ನಾಲ್ಕು ಪೆಟ್ಟು, ಸ್ವಲ್ಪ ಬಿಸಿ, ಆಮೇಲೆ ಬಂತು.

ನಡುಭಾಗದಿಂದ ಬಂದ ಎಣ್ಣೆ 60 ಗಂಟೆಗೆ ಜೇನಿನ ಬಣ್ಣ ಇರಬೇಕಿತ್ತು. ಹೊಗೆ ಹಿಡಿದ ಹಾಗೆ ಕಪ್ಪಾಗಿತ್ತು, ಸುಟ್ಟ ವಾಸನೆ. ಮ್ಯಾಗ್ನೆಟ್ ಪ್ಲಗ್ಗಿನ ಮೇಲೆ ತೆಳುವಾದ ಬೂದು ಲೇಪ, ಬೆರಳಲ್ಲಿ ಉಜ್ಜಿದರೆ ಹಲ್ಲುಪುಡಿಯಂತೆ ನುಣ್ಣಗೆ. ಇದಕ್ಕೆ ಹೆದರಬೇಕಿಲ್ಲ, ಯಾವ ಗೇರ್ ಬಾಕ್ಸಿನಲ್ಲೂ ಇಷ್ಟು ಬರುತ್ತದೆ. ಚುಚ್ಚುವಂಥ ಚೂರು, ಸೂಜಿಯಂಥ ಎಳೆ, ಎಣ್ಣೆಯಲ್ಲಿ ಚಿನ್ನದ ಮಿನುಗು, ಇವು ಕಂಡರೆ ಬಿಚ್ಚಲೇಬೇಕು. ಯಾವುದೂ ಇರಲಿಲ್ಲ. ಆ ಹೊತ್ತಿಗೆ ನನಗೆ ಸ್ವಲ್ಪ ಧೈರ್ಯ ಬಂತು.

ಹಬ್ ಬಸಿಯಲು ಚಕ್ರ ತಿರುಗಿಸಿ ಪ್ಲಗ್ಗನ್ನು ತೀರಾ ಕೆಳಗೆ ತರಬೇಕು. ತುಂಬುವಾಗ ಹಬ್‌ನ ಮೇಲೆ ಕೊರೆದಿರುವ ಗೆರೆ ನೆಲಕ್ಕೆ ಸಮವಾಗಿ ನಿಲ್ಲಬೇಕು, ಆಗ ಪ್ಲಗ್ ಗಡಿಯಾರದ ಮೂರು ಅಥವಾ ಒಂಬತ್ತು ಗಂಟೆಯ ಕಡೆ ಬರುತ್ತದೆ. ತೂತಿನ ಅಂಚಿಗೆ ಎಣ್ಣೆ ಬಂದರೆ ಸರಿಯಾದ ಮಟ್ಟ.

ಮಧ್ಯೆ ಡೀಸೆಲ್ ಜಗಳ. "ಒಂದ್ ಐದ್ ಲೀಟರ್ ಡೀಸೆಲ್ ಹಾಕಿ ತೊಳಿಯೋಣ್ರಿ" ಎಂದು ಹೆಲ್ಪರ್ ಕ್ಯಾನ್ ಹಿಡಿದು ಬಂದೇ ಬಿಟ್ಟ. ಎಂಜಿನ್ ಬಿಡಿಭಾಗ ತೊಳೆಯುವುದು ಬೇರೆ. ಆಕ್ಸಲ್ ಒಳಗೆ ಹಾಕಿದ ಡೀಸೆಲ್ ಪೂರ್ತಿ ಹೊರಗೆ ಬರುವುದೇ ಇಲ್ಲ. ತೋಳಿನ ಮೂಲೆಗಳಲ್ಲಿ ನಿಲ್ಲುತ್ತದೆ, ಪ್ಲೇಟುಗಳ ನಡುವೆ ನಿಲ್ಲುತ್ತದೆ, ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ಬೇಡ ಎಂದೆ. ತೊಳೆಯುವುದಕ್ಕೂ ಸರಿಯಾದ ಎಣ್ಣೆಯನ್ನೇ ಬಳಸೋಣ, 50 ಗಂಟೆ ಓಡಿಸಿ ಅದನ್ನು ತೆಗೆದು ಮತ್ತೆ ಹೊಸದು ಹಾಕೋಣ ಎಂದೆ. 50 ಎನ್ನುವುದು ನನ್ನ ಲೆಕ್ಕ, ಪುಸ್ತಕದಲ್ಲಿಲ್ಲ. ಎರಡು ಬಕೆಟ್ ಎಣ್ಣೆ ಎಂದಾಗ ಮಾಲೀಕರು ಮುಖ ಸಿಂಡರಿಸಿದರು. ಒಂದೂಕಾಲು ಲಕ್ಷ ನೆನಪಾಗಿ ಸುಮ್ಮನಾದರು.

ತುಂಬುವಾಗ ಅವಸರ ಮಾಡುವ ಹಾಗಿಲ್ಲ. ನಡುಭಾಗಕ್ಕೆ 12 ಲೀಟರ್ ಹಾಕುವಷ್ಟರಲ್ಲಿ ತೂತಿನಿಂದ ಹೊರಗೆ ಬಂತು. ಹೆಲ್ಪರ್ ಪ್ಲಗ್ ಹಾಕಲು ಹೋದ. ತಡಿ ಎಂದೆ. ದಪ್ಪ ಎಣ್ಣೆ, ಎರಡೂ ಕಡೆ ಉದ್ದದ ತೋಳು, ಪ್ಲೇಟುಗಳ ಸಂದಿ ದಾಟಿ ಹೋಗಬೇಕು. ಚಹಾ ಕುಡಿದು ಬಂದೆವು. ಮತ್ತೆ ಒಂದೂವರೆ ಲೀಟರ್ ಹಿಡಿಯಿತು. ಗಾಡಿ ಕೆಳಗಿಳಿಸಿ ಹತ್ತು ನಿಮಿಷ ಓಡಿಸಿ ಅದೇ ಸಮತಟ್ಟು ಜಾಗದಲ್ಲಿ ನೋಡಿದರೆ ಇನ್ನೂ ಮುಕ್ಕಾಲು ಲೀಟರ್. ಮೊದಲ ಸಲ ಉಕ್ಕಿದಾಗಲೇ ಪ್ಲಗ್ ಹಾಕಿದ್ದರೆ ಎರಡು ಲೀಟರ್‌ಗೂ ಜಾಸ್ತಿ ಕಡಿಮೆ ಇರುತ್ತಿತ್ತು.

ಹಬ್‌ನಲ್ಲಿ ತಪ್ಪು ಮಾಡಿದ್ದು ನಾನೇ. ಎಡಗಡೆ ತುಂಬಲು ಹೇಳಿ ಬಲಗಡೆಗೆ ಹೋದೆ. ಚಕ್ರ ಎತ್ತಿದ್ದರಿಂದ ಒಂಚೂರು ತಿರುಗಿ, ಪ್ಲಗ್ ಮೂರರ ಬದಲು ಎರಡು ಗಂಟೆಯ ಕಡೆಗೆ ಏರಿತ್ತು. ನೋಡಲಿಲ್ಲ. ಅಳತೆ ಡಬ್ಬಿಯ ಲೆಕ್ಕದಲ್ಲಿ ಎಡಗಡೆಗೆ ಬಲಗಡೆಗಿಂತ 400 ಮಿಲಿಲೀಟರ್ ಜಾಸ್ತಿ ಹೋಗಿತ್ತು. ಒಂದೇ ಥರದ ಎರಡು ಹಬ್ ಬೇರೆ ಬೇರೆ ಕುಡಿಯುವುದಿಲ್ಲ. ಗೆರೆ ಸಮ ಮಾಡಿ ಪ್ಲಗ್ ತೆಗೆದರೆ ಹೆಚ್ಚಿನದು ಹರಿದು ಹೋಯಿತು. ಜಾಸ್ತಿ ತುಂಬಿದ ಹಬ್ ಬಿಸಿಯಾಗಿ ನೊರೆ ಕಟ್ಟಿ ಸೀಲ್ ಸೋರಲು ಶುರು ಮಾಡುತ್ತದೆ. ಆಗ ನಾವು ಸೀಲಿಗೆ ಬೈಯುತ್ತೇವೆ.

ಬ್ರೀದರನ್ನು ತೊಳೆದು ಮತ್ತೆ ಅಲ್ಲೇ ಕೂರಿಸಲಿಲ್ಲ. ಹೌಸಿಂಗಿನ ತೂತಿಗೆ ಒಂದು ನಿಪ್ಪಲ್ ಹಾಕಿ, ರಬ್ಬರ್ ಪೈಪಿನಿಂದ ಅದನ್ನು ಚಾಸಿಯ ಎತ್ತರಕ್ಕೆ ಒಯ್ದು ಕಟ್ಟಿದೆವು. ಖರ್ಚು ತೀರಾ ಚಿಲ್ಲರೆ.

ಹಳೇ ಎಣ್ಣೆ ಕೇಳಿಕೊಂಡು ಅಷ್ಟರಲ್ಲಿ ಒಬ್ಬರು ಬಂದಿದ್ದರು, ಸೆಂಟ್ರಿಂಗ್ ಹಲಗೆಗೆ ಬಳಿಯಲು. ಕೊಡಲಿಲ್ಲ. 2016ರ ನಿಯಮದಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ, ಅನುಮತಿ ಇರುವವರಿಗೇ ಕೊಡಬೇಕು. ಅವರು ಗೊಣಗುತ್ತಾ ಹೋದರು.

ಆಮೇಲೆ

ಸಂಜೆ ಓಡಿಸಿ ನೋಡಿದರೆ ಶಬ್ದ ಇತ್ತು. ಕಡಿಮೆಯಾಗಿತ್ತು, ಆದರೆ ಇತ್ತು. ಮಾಲೀಕರ ಮುಖ ನೋಡೋಕೆ ಆಗಲಿಲ್ಲ. ಹಳೇ ಎಣ್ಣೆ ಪ್ಲೇಟಿನ ಮೈಯೊಳಗೆ ಇಳಿದಿರುತ್ತದೆ, ಒಂದೇ ದಿನಕ್ಕೆ ಬಿಡುವುದಿಲ್ಲ ಎಂದು ವಿವರಿಸಿದೆ. ಆಪರೇಟರ್‌ಗೆ ಒಂದು ಕೆಲಸ ಕೊಟ್ಟೆ. ದಿನಾ ಬೆಳಿಗ್ಗೆ ಖಾಲಿ ಗಾಡಿಯಲ್ಲಿ ನಿಧಾನಕ್ಕೆ ಓಡಿಸುತ್ತಾ ಹದಿನೈದು ಸಲ ಮೆತ್ತಗೆ ಬ್ರೇಕ್ ಒತ್ತಿ ನಿಲ್ಲಿಸಬೇಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ತಣ್ಣಗಾಗಲು ಬಿಡಬೇಕು. ಮತ್ತೆ, ಬಿಸಿ ಗಾಡಿಯನ್ನು ನೀರಿಗೆ ಇಳಿಸುವುದು ಬಂದ್.

ಮೂರನೇ ದಿನ ಅವನ ಫೋನ್. "ಎಮ್ಮಿ ಹೋಗಿ ಕರ ಆಗೈತ್ರಿ." 30 ಗಂಟೆಯ ಹೊತ್ತಿಗೆ ಕರುವೂ ಇರಲಿಲ್ಲ.

50 ಗಂಟೆಗೆ ಮತ್ತೆ ಹೋದೆ. ನಡುಭಾಗದ ಎಣ್ಣೆ ಸ್ವಲ್ಪ ಕಪ್ಪಾಗಿತ್ತು, ಸುಟ್ಟ ವಾಸನೆಯಿಲ್ಲ. ಎಡ ಹಬ್ ಸ್ವಚ್ಛ. ಬಲ ಹಬ್‌ನ ಎಣ್ಣೆ ಮತ್ತೆ ಮಂಜು ಮಂಜು. ಬ್ರೀದರ್ ಸರಿ ಮಾಡಿದ್ದೇವೆ, ಗುಂಡಿಗೆ ಇಳಿಸಿಲ್ಲ, ಆದರೂ ನೀರು. ಹಾಗಾದರೆ ಸೀಲೇ ಹೋಗಿದೆ. ಚಕ್ರ ಬಿಚ್ಚಿಸಿದೆ. ಹಬ್‌ನ ಹಿಂದೆ, ಸೀಲಿನ ಬುಡದಲ್ಲಿ, ಮೀನಿನ ಬಲೆಯ ನೈಲಾನ್ ದಾರ ಸುತ್ತಿಕೊಂಡು ಕರಗಿ ಉಂಗುರದ ಹಾಗೆ ಗಟ್ಟಿಯಾಗಿತ್ತು. ಅದು ಸೀಲಿನ ತುಟಿಯನ್ನು ಬ್ಲೇಡಿನಂತೆ ಕೊಯ್ದಿತ್ತು. ಬಲಗಡೆ ಮಾತ್ರ ಯಾಕೆ ಎನ್ನುವುದಕ್ಕೆ ಉತ್ತರ ಅಲ್ಲಿತ್ತು. ಹೂಳಿನಲ್ಲಿ ಹುಗಿದು ಹೋದ ಹಳೇ ಬಲೆ.

ಹಬ್ ಬೇರಿಂಗಿನ ಒಂದೆರಡು ರೋಲರ್ ಮೇಲೆ ಕಂದು ಚುಕ್ಕೆ ಬಿದ್ದಿದ್ದವು. ಇನ್ನೂ ಓಡುತ್ತಿತ್ತೇನೋ. ಆದರೆ ತುಕ್ಕಿನ ಚುಕ್ಕೆ ಮುಂದೆ ಗುಳಿಯಾಗುತ್ತದೆ, ಹಬ್ ಹೇಗೂ ತೆರೆದಿದೆ, ಬದಲಿಸಿಬಿಡಿ ಎಂದೆ. ಸೀಲ್, ಬೇರಿಂಗ್, ಎರಡು ಸಲದ ಎಣ್ಣೆ, ನನ್ನ ಮತ್ತು ಹುಡುಗರ ಕೂಲಿ ಎಲ್ಲ ಸೇರಿ 28 ಸಾವಿರದ ಆಸುಪಾಸು ಆಯಿತು. ಗಾಡಿ ನಿಂತದ್ದು ಎರಡೂವರೆ ದಿನ.

ಜೂನ್‌ನಲ್ಲಿ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ನೋಡಿದೆ. ಆಪರೇಟರ್ ಹೌಸಿಂಗಿನ ಮೇಲೆ ಬಿಳಿ ಬಣ್ಣದಲ್ಲಿ "ಒಳಗ ಬ್ರೇಕ್ ಐತಿ, 90 ಹಾಕಬ್ಯಾಡ್ರಿ" ಎಂದು ಬರೆದಿದ್ದ. ಹಬ್‌ಗಳ ಗೆರೆಗೂ ಕೆಂಪು ಬಣ್ಣ ಹಚ್ಚಿದ್ದ. ಶೆಡ್ಡಿನಲ್ಲಿ ಆ 6 ಲೀಟರ್ ಜಿಎಲ್-5 ಬಕೆಟ್ ಇನ್ನೂ ಇತ್ತು. "ಇದನ್ನ ಟಿಪ್ಪರ್‌ಗೆ ಹಾಕಬಹುದಲ್ರೀ, ಅದರಾಗ ಬ್ರೇಕ್ ಹೊರಗ ಐತಿ" ಎಂದು ಮಾಲೀಕರು ಕೇಳಿದರು. ಸರಿಯಾದ ಪ್ರಶ್ನೆ. ಹೂಂ ಎನ್ನಬೇಕು ಎನ್ನುವಷ್ಟರಲ್ಲಿ ಅವರೇ ಹೋಗಿ ಟಿಪ್ಪರ್‌ನ ಪುಸ್ತಕ ಹುಡುಕಿ ತಂದರು. ಹಿಂದಿನ ಆಕ್ಸಲ್: ಜಿಎಲ್-5 ಹೌದು, ಆದರೆ 85ಡಬ್ಲ್ಯೂ-140. ಬಕೆಟ್‌ನ ಮೇಲೆ 80ಡಬ್ಲ್ಯೂ-90. ಎರಡನ್ನೂ ಎರಡು ಸಲ ಓದಿದರು. ಮುಚ್ಚಳ ಒತ್ತಿ ಬಕೆಟ್ಟನ್ನು ಮತ್ತೆ ಮೂಲೆಗೆ ಇಟ್ಟರು.